ಅಡುಗೆಯವರು ಬಡಿಸಬಾರದು

ಅಡುಗೆ ಮಾಡುವವನು ಬಡಿಸಲಿಕ್ಕೆ ಹೋಗಬಾರದು ಮಾರಾಯ್ರೆ. ಉಡುಪಿ ಕಡೆಯಿಂದ ಬಂದು ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ ಕೇಟರಿಂಗ್ ಮಾಡಿಕೊಂಡಿರುವ ನನ್ನ ಖಚಿತ ಅಭಿಪ್ರಾಯ ಇದು. ನಾನು ಪಂಕ್ತಿಗೆ ಇಳಿದರೆ ಜನರ ಮುಖ ಕಾಣುವುದಿಲ್ಲ, ಪಾತ್ರೆ ಮಾತ್ರ ಕಾಣುತ್ತದೆ. ಬೇಡ ಬೇಡ ಎಂದವರಿಗೆ ಸುರಿಯುತ್ತೇನೆ, ಬೇಕು ಎಂದವರನ್ನು ದಾಟಿ ಹೋಗುತ್ತೇನೆ. ಬಡಿಸುವ ವಿದ್ಯೆ ಏನಿದ್ದರೂ ನನ್ನ ಹೆಂಡತಿ ಸರೋಜಳದ್ದು. ಎಲೆ ನೋಡುವ ಮೊದಲು ಮುಖ ನೋಡುತ್ತಿದ್ದಳು. ನಾಚಿಕೊಂಡು ಕೂತ ಹೊಸ ಅಳಿಯನಿಗೆ ಕೇಳದೆಯೇ ಇನ್ನೊಂದು ಹೋಳಿಗೆ ಬೀಳುತ್ತಿತ್ತು. ಹೋದ ವರ್ಷ ಅವಳು ತೀರಿಕೊಂಡಳು. ಈಗ ಬಡಿಸಲು ಸಂಬಳದವರಿದ್ದಾರೆ. ನನಗೆ ಪಂಕ್ತಿಯ ಕಡೆ ನೋಡುವುದೇ ಸಂಕಟ.

ಮಗಳು ಶ್ರಾವ್ಯಳೂ ನನ್ನ ಜಾತಿಯೇ. ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಲ್ಯಾಪ್‌ಟಾಪ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಟ್ಟುತ್ತಾಳೆ. ಟ್ರಾಮಿನ ಗಂಟೆ, ಕುಕ್ಕರಿನ ಸೀಟಿ ಎಲ್ಲ ಅದರೊಳಗೆ ಬೇಯುತ್ತವೆ. ಅಷ್ಟು ಚೆನ್ನಾಗಿ ಕಟ್ಟುವವಳು ಡಿಜೆಯಾಗಿಯೂ ಮಿಂಚುತ್ತಾಳೆ ಎಂದುಕೊಂಡೆವು. ಅಲಿಪುರದ ಒಂದು ಮದುವೆಯಲ್ಲಿ ಪುಣ್ಯಾತ್ಗಿತ್ತಿ ತಲೆಯನ್ನೇ ಎತ್ತಲಿಲ್ಲ. ಕುಣಿಯಲು ಬಂದವರು ಒಬ್ಬೊಬ್ಬರಾಗಿ ಫುಚ್ಕಾ, ಅಂದರೆ ಇಲ್ಲಿಯ ಪಾನಿಪುರಿ, ತಿನ್ನಲು ಜಾರಿದರು. ಮನೆಗೆ ಬಂದು ಅತ್ತಳು.

"ಅಪ್ಪಾ, ಜನರ ಎದುರು ನಂಗೆ ಆಗೋದಿಲ್ಲ. ಇನ್ನೊಂದ್ಸಲ ಹೀಗಾದ್ರೆ ಎಲ್ಲ ಡಿಲೀಟ್ ಮಾಡ್ತೇನೆ, ಪ್ರಾಮಿಸ್!"

ಅವಳ ಮಾತು ಅಂದರೆ ಮಾತೇ. ಹೆದರಿ ತಲೆ ಓಡಿಸಿದೆ. ನಮ್ಮ ಕನ್ನಡ ಬಳಗದ ಊಟದ ಹೊತ್ತಿಗೆ ನುಡಿಸಲಿ. ಉಣ್ಣುವ ನಡುವೆ ಎಲೆ ಬಿಟ್ಟು ಏಳುವುದು ನಮ್ಮಲ್ಲಿ ಕ್ರಮವಲ್ಲ. ಓಡಿಹೋಗಲಾಗದ ಕೇಳುಗರು ಇನ್ನೆಲ್ಲಿ ಸಿಗುತ್ತಾರೆ ಹೇಳಿ!

ಆ ದಿನ ಎಲೆಗೆ ಅನ್ನ ಬಿದ್ದಾಗಿತ್ತು. ಶ್ರಾವ್ಯ ಲ್ಯಾಪ್‌ಟಾಪ್‌ಗೆ ಮುಖ ಹುದುಗಿಸಿ ಶುರು ಮಾಡಿದಳು. ಧಬ್ ಧಬ್ ಸದ್ದಿನ ನಡುವೆ ಇದ್ದಕ್ಕಿದ್ದಂತೆ ಒಂದು ಹೆಣ್ಣುದನಿ: "ಸಾರು... ಸಾರು..." ಸರೋಜಳದ್ದೇ. ಯಾವತ್ತೋ ಪಂಕ್ತಿಯಲ್ಲಿ ಬಡಿಸುವಾಗ ಮಗಳು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳಂತೆ, ನನಗೆ ಹೇಳಿರಲಿಲ್ಲ.

ಕೂತವರೆಲ್ಲ ಅಭ್ಯಾಸಬಲದಿಂದ ಸಾರಿಗೆಂದು ಅನ್ನದ ನಡುವೆ ಗುಂಡಿ ಮಾಡಿದರು. ಮಾಡಿದ ಮೇಲೆ ಅದು ಯಾರ ದನಿಯೆಂದು ಹೊಳೆದು ಕೈಗಳು ಅಲ್ಲೇ ನಿಂತವು. ರೈಲ್ವೆಯಿಂದ ನಿವೃತ್ತರಾದ ರಾಯರು, "ಅಯ್ಯೋ, ನಮ್ಮ ಸರೋಜಮ್ಮ!" ಎಂದು ಎಡಗೈಯಲ್ಲಿ ಕಣ್ಣೊರೆಸಿಕೊಂಡರು. ಆಗ ಶ್ರಾವ್ಯ ತಲೆ ಎತ್ತಿದಳು. ಒಬ್ಬೊಬ್ಬರ ಮುಖವನ್ನೂ ನೋಡಿ, ಧಬ್ ಧಬ್ಬನ್ನು ಮೆಲ್ಲಗೆ ಇಳಿಸಿ, ತಾಯಿಯ ದನಿಯೊಂದನ್ನೇ ಉಳಿಸಿದಳು. ಬಹಳ ಹೊತ್ತು.

ಇದೆಲ್ಲ ಆಮೇಲೆ ರಾಯರು ಹೇಳಿದ್ದು. ಮಗಳು ಗೆದ್ದ ಆ ಗಳಿಗೆಯನ್ನು ನಾನು ನೋಡಲೇ ಇಲ್ಲ. ಆ ದನಿ ಕಿವಿಗೆ ಬಿದ್ದದ್ದೇ ನಾನು ಸರೋಜ ಇದ್ದಾಗಿನಂತೆ ಸಾರಿನ ಎರಡನೇ ಬಕೆಟ್ ತುಂಬಿಸಿ, ಅಡುಗೆಮನೆಯ ಬಾಗಿಲಲ್ಲಿ ಕೈ ಚಾಚಿ ನಿಂತು, "ಹಿಡಿಯೇ ಮಾರಾಯ್ತಿ, ಬಿಸಿ ಉಂಟು!" ಎಂದು ಕೂಗುತ್ತಿದ್ದೆ. ಮೈಕ್ ಇಲ್ಲದೆಯೂ ಅದು ಇಡೀ ಹಾಲಿಗೆ ಕೇಳಿಸಿತಂತೆ.