ಕುರ್ಚಿಯಿಂದ ಏಳಲಾಗದೆ ತೆತ್ತ ಅರವತ್ತು ಸಾವಿರ

ನನ್ನ ಬಲಮಂಡಿಗೆ ಮೂರು ಲಕ್ಷ ಬಿತ್ತು. ಅದರಲ್ಲಿ ಅರವತ್ತು ಸಾವಿರ ಕಂಪ್ಯೂಟರಿನ ಪಾಲು. ಅಷ್ಟನ್ನು ಏಕೆ ಕೊಟ್ಟೆ ಎಂದು ಕೇಳಿದರೆ ಉತ್ತರ ಸರಳ: ಡಾಕ್ಟರ ಎದುರಿನ ಕುರ್ಚಿಯಿಂದ ನನಗೆ ಥಟ್ಟನೆ ಏಳಲಾಗಲಿಲ್ಲ.

ಚೌಕಾಸಿ ಎಂದರೆ ನಾಲಿಗೆಯ ವಿದ್ಯೆ ಎಂದುಕೊಂಡವರಿಗೆ ಚೌಕಾಸಿ ಗೊತ್ತಿಲ್ಲ. ಅದು ಮೊಣಕಾಲಿನ ವಿದ್ಯೆ. ಮನೆಮನೆಗೆ ನೈಟಿ ಮಾರಿ ಜರಗನಹಳ್ಳಿಯಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಸಿದವಳು ನಾನು. ಚಿಕ್ಕಪೇಟೆಯ ಸಗಟು ಅಂಗಡಿಯವರಿಂದ ಹಿಡಿದು ಸಾರಕ್ಕಿ ಮಾರ್ಕೆಟ್ಟಿನ ಸೊಪ್ಪಿನವಳವರೆಗೆ ಎಲ್ಲರನ್ನೂ ಗೆದ್ದದ್ದು ಒಂದೇ ಪಟ್ಟಿನಿಂದ. ನಿಮ್ಮ ಬೆಲೆ ಹೇಳಿ, ಒಪ್ಪದಿದ್ದರೆ ‘ಬೇಡ ಬಿಡಿ’ ಎಂದು ಬಿರಬಿರನೆ ನಡೆದುಬಿಡಬೇಕು, ತಿರುಗಿ ನೋಡಬಾರದು. ‘ಬನ್ನಿ ಆಂಟಿ, ತಗೊಳ್ಳಿ’ ಎಂಬ ಕೂಗು ಬಂದೇ ಬರುತ್ತದೆ. ಹೋದ ವರ್ಷ ಆ ಕೂಗು ನಿಂತಿತು. ಮೆಂತ್ಯದ ಕಟ್ಟಿಗೆ ಐದು ರೂಪಾಯಿ ಇಳಿಸಲೊಪ್ಪದ ಸೊಪ್ಪಿನ ರತ್ನಮ್ಮನಿಗೆ ಬೆನ್ನು ತಿರುಗಿಸಿ, ಕುಂಟುತ್ತ ಹೊರಟೆ. ಅವಳು ಕರೆದಳು, ನಿಜ. "ನಿಧಾನಕ್ಕೆ ಹೋಗಿ ಆಂಟಿ, ಆಟೋ ಹಿಡ್ಕೊಡ್ಲಾ?" ನೋವನ್ನಾದರೂ ಸಹಿಸಬಹುದು, ವ್ಯಾಪಾರಿಯ ಕನಿಕರವನ್ನು ಸಹಿಸಲಾದೀತೆ? ಮಂಡಿ ಬದಲಿಸಲೇಬೇಕೆಂದು ಅಲ್ಲೇ ನಿಶ್ಚಯಿಸಿದೆ.

ಜೆ.ಪಿ. ನಗರದ ಆಸ್ಪತ್ರೆಯ ಡಾಕ್ಟರು ಹುಡುಗ, ಮಾತು ನಯ. "ಮೂಳೆಗೆ ಸಣ್ಣ ಪಿನ್ ಹಾಕ್ತೀವಿ ಮೇಡಂ. ಕ್ಯಾಮೆರಾ ಅದನ್ನ ನೋಡ್ತಿರುತ್ತೆ. ಕಾಲು ಎಷ್ಟು ಸೊಟ್ಟ ಇದೆ, ಎಲ್ಲಿ ಕಟ್ ಮಾಡ್ಬೇಕು, ಎಲ್ಲಾ ಕಂಪ್ಯೂಟರ್ ಸ್ಕ್ರೀನ್ ಮೇಲೆ ಬರುತ್ತೆ."

"ಕೊಯ್ಯೋದು ಅದೇನಾ?"

"ಇಲ್ಲ, ನಾನೇ."

"ಅದಿಲ್ದೆ ಕೊಯ್ದ್ರೆ ಚೆನ್ನಾಗಾಗಲ್ವಾ?"

"ಚೆನ್ನಾಗೇ ಆಗುತ್ತೆ. ಇದ್ರಲ್ಲಿ ಅಳತೆ ಇನ್ನೂ ಕರಾರುವಾಕ್ಕು."

ನೋಡಿದಿರಾ! ಚೆನ್ನಾಗಿ ಆಗುವುದಕ್ಕೂ ಇನ್ನೂ ಚೆನ್ನಾಗಿ ಆಗುವುದಕ್ಕೂ ನಡುವೆ ಅರವತ್ತು ಸಾವಿರ. ನನಗೆ ಮೈ ಉರಿಯಿತು. "ನಮ್ಮನೆ ಗೋಡೆ ಕಟ್ಟಿದ ಮೇಸ್ತ್ರಿನೂ ರಸಮಟ್ಟ ಇಟ್ಟೇ ನೋಡ್ದ ಡಾಕ್ಟ್ರೇ. ಅದಕ್ಕೆ ಬೇರೆ ಕೂಲಿ ಕೇಳ್ಲಿಲ್ಲ."

"ಅದು ಗೋಡೆ ಮೇಡಂ, ಇದು ಕಾಲು."

"ಗೋಡೆ ನನ್ನ ಮೊಮ್ಮಕ್ಕಳ ಕಾಲದವರೆಗೂ ನಿಲ್ಲುತ್ತೆ. ನಿಮ್ಮ ಮಂಡಿ?"

"ಹದಿನೈದು, ಇಪ್ಪತ್ತು ವರ್ಷ."

ಇನ್ನೇನು ಬೇಕು? ಬ್ರಹ್ಮಾಸ್ತ್ರ ತೆಗೆದೆ. "ಬೇಡ ಬಿಡಿ. ಹುಳಿಮಾವಲ್ಲಿ ಬೇರೆ ಆಸ್ಪತ್ರೆ ಇದೆ." ಎಂದು ಏಳಹೋದೆ. ಮಂಡಿ ಕಟಕ್ಕೆಂದಿತು. ಮೇಜು ಹಿಡಿದೆ, ಕುರ್ಚಿಯ ಕೈ ಹಿಡಿದೆ, ಅರ್ಧ ಎದ್ದು ಅಲ್ಲೇ ನಿಂತೆ. ಜೊತೆಗೆ ಬಂದಿದ್ದ ನಮ್ಮ ಯಜಮಾನರು ರಟ್ಟೆ ಹಿಡಿದು, "ಹುಷಾರು ಕಣೇ, ಬಿದ್ದೀಯ" ಎಂದು ಇದ್ದಬದ್ದ ಮರ್ಯಾದೆಯನ್ನೂ ಕಳೆದರು. ಡಾಕ್ಟರು ಬೆಲೆ ಇಳಿಸಲಿಲ್ಲ. "ವೀಲ್‌ಚೇರ್ ತರಿಸ್ಲಾ ಮೇಡಂ?" ಎಂದರು. ಕುಳಿತುಬಿಟ್ಟೆ.

ಆಪರೇಷನ್ ದಿನ ಸೊಂಟದ ಕೆಳಗಷ್ಟೇ ಮರಗಟ್ಟಿತ್ತು, ಕಿವಿ ಚುರುಕಾಗಿತ್ತು. ಬಡಗಿಯ ಅಂಗಡಿಯಂತೆ ಗರಗರ, ಟಕಟಕ. "ಸ್ಕ್ರೀನ್ ಸ್ವಲ್ಪ ಈ ಕಡೆ ತಿರುಗಿಸಿ, ದುಡ್ಡು ಕೊಟ್ಟಿರೋದು ನಾನು" ಎಂದೆ. ತಕ್ಕಡಿ ಗಿರಾಕಿಗೆ ಕಾಣಬೇಡವೆ? ನರ್ಸಮ್ಮ ನಕ್ಕು ನಡುವೆ ಬಟ್ಟೆಯ ಪರದೆ ಎಳೆದರು. ಅರವತ್ತು ಸಾವಿರದ ಸಿನಿಮಾ, ನನ್ನದೇ ಕಾಲು, ನನಗೇ ತೋರಿಸಲಿಲ್ಲ!

ಕಾಲೇನೋ ನೆಟ್ಟಗಾಯಿತು. ಅದು ಕಂಪ್ಯೂಟರಿನಿಂದಲೋ ಆ ಹುಡುಗನ ಕೈಯಿಂದಲೋ ಯಾರು ಹೇಳಬೇಕು? ಕೆಲವು ತಿಂಗಳ ಮೇಲೆ ಸಾರಕ್ಕಿಗೆ ಹೋದೆ. ಅದೇ ರತ್ನಮ್ಮ, ಅದೇ ಮೆಂತ್ಯ, ಅದೇ ಐದು ರೂಪಾಯಿ. "ಬೇಡ ಬಿಡು" ಎಂದು ಬಿರಬಿರನೆ ನಡೆದೆ. "ಬನ್ನಿ ಆಂಟೀ!" ಎಂಬ ಕೂಗು ಬಂತು. ಆಹಾ! ಗೆದ್ದೆನೆಂದು ಹಿಂತಿರುಗಿದೆ.

"ಹುಡ್ಗಿ ಥರ ನಡೀತೀರಲ್ಲ! ಎಷ್ಟಾಯ್ತು ಆಂಟಿ ಕಾಲಿಗೆ?"

ಜಂಬ ನೋಡಿ, ಹೇಳಿಬಿಟ್ಟೆ. "ಮೂರು ಲಕ್ಷ. ಕಂಪ್ಯೂಟರ್ ಇಟ್ಟು ಮಾಡಿದ್ದು."

"ಮೂರು ಲಕ್ಷದ ಕಾಲಲ್ಲಿ ಬಂದು ನನ್ನ ಐದು ರೂಪಾಯಿಗೆ ಜಗಳ ಆಡ್ತೀರಲ್ಲ ಆಂಟಿ!" ಅಕ್ಕಪಕ್ಕದವರೆಲ್ಲ ನಕ್ಕರು. ಕೇಳಿದ್ದಷ್ಟು ಕೊಟ್ಟು ಬಂದೆ.

ಆದ್ದರಿಂದ ಹೇಳುತ್ತೇನೆ, ಕೇಳಿ. ಮಂಡಿ ಇನ್ನೂ ಮಾತು ಕೇಳುತ್ತಿರುವಾಗಲೇ ಆಸ್ಪತ್ರೆಗೆ ಹೋಗಿ ಬೆಲೆ ಮಾತಾಡಿ. ಕಂಪ್ಯೂಟರಿಗೆ ಎಷ್ಟು, ಕೈಗೆ ಎಷ್ಟು ಎಂದು ಬಿಡಿಸಿ ಕೇಳಿ. ಬಾಗಿಲವರೆಗೆ ಸರಸರನೆ ನಡೆಯಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಗಂಡನನ್ನು ಹೊರಗೇ ಕೂರಿಸಿ. ಮತ್ತೆ ಮಾರ್ಕೆಟ್ಟಿನಲ್ಲಿ ಯಾರಾದರೂ ಕಾಲಿನ ಬೆಲೆ ಕೇಳಿದರೆ, ದಯವಿಟ್ಟು, ಸ್ವಲ್ಪ ಕುಂಟಿ.