ಹಿಂದಿನ ಎಡಗಾಲು ಗಿಡ್ಡವಿರುವ ಹಸುವನ್ನು ಮರಳಿಸುವ ಬಗ್ಗೆ

ಇಂದ:
ಸಂಗ್ರಹಕಾರರ ಬಳಗದ ಜಂಟಿ ಸದಸ್ಯ ಸಂಖ್ಯೆ ೨೧೪ (ಗಂಡ),
ನಿವೃತ್ತ ತೂಕದವನು,
ಹಾಲಿನ ಕೇಂದ್ರದ ಹಿಂದಿನ ಮನೆ.

ಗೆ:
ವ್ಯವಸ್ಥಾಪಕರು,
ಸದಸ್ಯರ ಸಂತೋಷ ವಿಭಾಗ,
ಬೊಂಬೆ ಕಾರ್ಖಾನೆ.

ವಿಷಯ: ವಾರ್ಷಿಕ ಸಂಭ್ರಮದ ದಿನ ತಮ್ಮ ಸಿಬ್ಬಂದಿಯ ವಶಕ್ಕೆ ಹೋದ ಕಂದು ಹಸುವನ್ನು ಮರಳಿಸುವ ಹಾಗೂ ರಿಪೇರಿ ಮೇಜನ್ನು ಮತ್ತೆ ಹಾಕುವ ಕುರಿತು.

ಉಲ್ಲೇಖ:
೧. ನನ್ನ ಕಾರ್ಡಿಗೆ ತಾವು ಬರೆದ ಉತ್ತರ.
೨. ರಿಪೇರಿ ಮೇಜಿನ ಹಳೆಯ ಪುಸ್ತಕ, ಪುಟ ೮೮.
೩. ನನ್ನ ಹೆಂಡತಿ ಭಾನುವಾರ ಬೆಳಿಗ್ಗೆ ಕೇಳಿದ ಮೌಖಿಕ ಪ್ರಶ್ನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮ ಗಮನಕ್ಕೆ ತರುವುದೇನೆಂದರೆ,

೧. ನಾನೂ ನನ್ನ ಹೆಂಡತಿಯೂ ಮೂವತ್ತೊಂದು ವರ್ಷಗಳಿಂದ ತಮ್ಮ ಬಳಗದ ಸದಸ್ಯರು. ಹೆಬ್ಬೆರಳುದ್ದದ ಮಣ್ಣಿನ ದನ, ಕುರಿ, ಕೋಳಿ, ಬಾತು, ಅವುಗಳನ್ನು ನೋಡಿಕೊಳ್ಳುವ ಜನ, ಹೀಗೆ ವರ್ಷಕ್ಕೊಂದು ಹೊಸ ಬೊಂಬೆಯನ್ನು ತಾವು ಸಂಭ್ರಮದ ದಿನ ಹೊರಗೆ ತರುತ್ತಿದ್ದಿರಿ. ಮದುವೆಯಾದ ವರ್ಷ ನನ್ನ ಹೆಂಡತಿ ಕೈ ಹಾಕಿ ಎತ್ತಿಕೊಂಡದ್ದು ಕಂದು ಹಸುವನ್ನು. ನಿಜವಾದ ಹಸು ಕಟ್ಟಲು ನಮಗೆ ಜಾಗವಿರಲಿಲ್ಲ. ಬೇರೆಯವರ ಹಸುಗಳ ಹಾಲು ತೂಗುವುದೇ ನನ್ನ ಕೆಲಸವಾಗಿತ್ತು. ಕಾರಣ, ನಮ್ಮ ಮನೆಯ ಮೊದಲನೆಯ ಹಸುವೂ ಕೊನೆಯ ಹಸುವೂ ಅದೊಂದೇ.

೨. ಆಗಿನ ಸಂಭ್ರಮ ಹೇಗಿತ್ತೆಂಬುದು ತಾವು ಹೊಸಬರಾದ್ದರಿಂದ ತಿಳಿದಿರಲಾರದು. ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರು, ನಮ್ಮ ಕ್ಷೌರದವನು, ಶಾಲೆಯ ಮೇಡಂ ಇಷ್ಟು ಜನ ಹೊರಡುತ್ತಿದ್ದೆವು. ಊಟದ ಡಬ್ಬಿಗಳಲ್ಲಿ ಊಟವಿರುತ್ತಿರಲಿಲ್ಲ, ಹತ್ತಿಯಲ್ಲಿ ಸುತ್ತಿದ ನಮ್ಮ ನಮ್ಮ ದನಕರು ಇರುತ್ತಿದ್ದವು. ಬೊಂಬೆ ಸುಡುವ ಶೆಡ್ಡಿನಲ್ಲಿ ಉದ್ದಕ್ಕೆ ಹಲಗೆ ಹಾಕಿರುತ್ತಿತ್ತು. ಬಂದವರೆಲ್ಲ ತಂತಮ್ಮದನ್ನು ತೆಗೆದು ಇಡುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಇಡೀ ಒಂದು ಊರು ಎದ್ದಿರುತ್ತಿತ್ತು. ಊರು ಅಂದಮೇಲೆ ಜಗಳವೂ ಇತ್ತು. ನಮ್ಮ ಹುಂಜ ಎರಡು ವರ್ಷವೂ ತಮ್ಮ ಮಣ್ಣಿನ ಹೂವಿನ ಪಾತಿಯ ಪಕ್ಕದಲ್ಲೇ ನಿಂತಿತ್ತೆಂದು ಮೇಡಂ ಮೂರನೆಯ ವರ್ಷ ಮಣ್ಣಿನದೇ ಒಂದು ಬೇಲಿ ಕೊಂಡು ತಂದರು. ಕಾರ್ಖಾನೆಯ ಹಿಂದಿನ ಮಾಲೀಕರು ಮೊಳಕೈವರೆಗೆ ಮಣ್ಣು ಮೆತ್ತಿಕೊಂಡೇ ಬಂದು, ಎರಡೂ ಕಡೆಯವರ ಮಾತು ಕೇಳಿ, ಹುಂಜಕ್ಕೆ ಬೇರೆ ಜಾಗ ತೋರಿಸಿದರು.

೩. ಶೆಡ್ಡಿನ ಮೂಲೆಯಲ್ಲಿ ರಿಪೇರಿ ಮೇಜು. ಅಲ್ಲಿ ಕೂರುತ್ತಿದ್ದ ಹಿರಿಯರನ್ನು ನಾವು ಅಂಟಿನಜ್ಜ ಎನ್ನುತ್ತಿದ್ದೆವು. ಮುರಿದದ್ದನ್ನು ಕೊಟ್ಟರೆ ತಿರುಗಿಸಿ ನೋಡಿ, ಕನ್ನಡಕದ ಮೇಲಿಂದ ಕೇಳುತ್ತಿದ್ದರು: "ಬಿತ್ತಾ, ಬೀಳಿಸಿದ್ರಾ?" ನಾವು ಉತ್ತರ ಹುಡುಕುವಷ್ಟರಲ್ಲಿ ಅವರೇ ಪುಸ್ತಕದಲ್ಲಿ 'ತಾನಾಗಿ ಬಿತ್ತು' ಎಂದು ಬರೆದು ಮುಗಿಸುತ್ತಿದ್ದರು. ಎಲ್ಲರಿಗೂ ಅದೇ. ಇದರಿಂದ ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರು ಒಂದೇ ಬಸ್ಸಿನಲ್ಲಿ ವಾಪಸು ಹೋಗುವುದು ಸಾಧ್ಯವಾಯಿತು. ನಮ್ಮ ಹಸುವಿನ ಹಿಂದಿನ ಎಡಗಾಲು ಹೋದಾಗ ಅಜ್ಜ ಆಡಿನ ಕಾಲೊಂದನ್ನು ಕೂರಿಸಿಕೊಟ್ಟರು. ಅದು ಗಿಡ್ಡ. ಹಸು ವಾಲುತ್ತಿತ್ತು. ನನ್ನ ಹೆಂಡತಿ ಹಾಲಿನ ಚೀಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕಾಲಡಿಗೆ ಇಟ್ಟಳು. ಅಂದಿನಿಂದ ಇಪ್ಪತ್ತಾರು ವರ್ಷ ಅದು ನೆಟ್ಟಗೆ ನಿಂತಿತ್ತು.

೪. ಎರಡು ವರ್ಷ ಸಂಭ್ರಮ ನಡೆಯದೆ, ಈ ತಿಂಗಳ ಒಂದನೆಯ ತಾರೀಕು ಗಾಜಿನ ಬಾಗಿಲಿನ ಸಭಾಂಗಣದಲ್ಲಿ ನಡೆಯಿತು. ಹೆಂಡತಿಗೆ ಮಂಡಿನೋವು ಇದ್ದುದರಿಂದ ಅವಳು ಬರಲಿಲ್ಲ. ಒಳಗೆ ಬಿಡುವ ಮೊದಲು ನಮ್ಮ ಮೂವರ ಮಣಿಕಟ್ಟಿಗೂ ಗುರುತಿನ ಪಟ್ಟಿ ಕಟ್ಟಿದರು. ದನದ ಆಸ್ಪತ್ರೆಯಲ್ಲೂ ಇಷ್ಟು ಬಿಗಿಯಾಗಿ ಕಟ್ಟುವುದಿಲ್ಲ. ಹಲಗೆ ಇರಲಿಲ್ಲ. ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆವು. ಮೈಕು ಹಿಡಿದ ಹುಡುಗಿ ಮಜಾ ಬರುತ್ತಿದೆಯಾ ಎಂದು ಮೂರು ಸಲ ಕೇಳಿದಳು. ಸ್ವಲ್ಪ ತಡೆದು ನೋಡಿ ಹೇಳುತ್ತೇವೆ ಎಂದು ಮೇಡಂ ಎದ್ದು ನಿಂತು ತಿಳಿಸಿದರು. ಈ ವರ್ಷದ ಹೊಸ ಬೊಂಬೆ ತಂಪು ಕನ್ನಡಕ ಹಾಕಿ, ಎರಡೇ ಕಾಲಿನ ಮೇಲೆ, ಕೈ ಕಟ್ಟಿ ನಿಂತ ಹಂದಿ. ಕ್ಷೌರದವನು ಅದನ್ನು ಬಹಳ ಹೊತ್ತು ನೋಡಿ, "ಇದಕ್ಕೆ ಮೇವು ಹಾಕೋದೋ, ಸಂಬಳ ಕೊಡೋದೋ?" ಎಂದ.

೫. ಹಸುವಿನ ಕಾಲು ಕೊಂಚ ಅಲುಗಾಡುತ್ತಿದ್ದ ಕಾರಣ ನಾನು ಅದನ್ನು ತಂದಿದ್ದೆ. ಮೂಲೆಯಲ್ಲಿ ಒಂದು ಮೇಜು ಕಂಡಿತು. ಮೂಲೆಯಲ್ಲಿದೆಯಲ್ಲ, ಅದೇ ಇರಬೇಕೆಂದು ಕೊಟ್ಟೆ. ಅಲ್ಲಿದ್ದವಳು ಹಸುವನ್ನು ನೀಲಿ ತೊಟ್ಟಿಗೆ ಹಾಕಿ, ಒಂದು ಪೆಟ್ಟಿಗೆ ಕೊಟ್ಟು, ನಗುಮುಖದಿಂದ ಮುಂದಿನವರನ್ನು ಕರೆದಳು. ರಿಪೇರಿಗೆ ಸರದಿಯಲ್ಲಿಟ್ಟಿದ್ದಾರೆ, ಪೆಟ್ಟಿಗೆ ವಾಪಸು ಒಯ್ಯಲು ಕೊಟ್ಟದ್ದು ಎಂದುಕೊಂಡು ನಾನು ಕುರ್ಚಿಯಲ್ಲಿ ಕೂತೆ. ಸಂಜೆ ಐದೂವರೆಯವರೆಗೆ ಕೂತೆ. ಕಸ ಗುಡಿಸುವಾಕೆ ಬಂದು ಯಾರಿಗೆ ಕಾಯುತ್ತಿದ್ದೀರಿ ಎಂದಾಗ, ಅಜ್ಜನಿಗೆ ಎಂದೆ.

"ಅಜ್ಜ ಮಗಳ ಮನೆ ಸೇರಿ ಎರಡು ವರ್ಷ ಆಯ್ತಣ್ಣ. ಇದು ಹಳೇದು ಕೊಟ್ಟು ಹೊಸದು ತಗೊಳ್ಳೋ ಮೇಜು. ತೊಟ್ಟೀಲಿರೋದನ್ನ ತಿಂಗಳ ಕೊನೇಗೆ ಪುಡಿ ಮಾಡ್ತಾರೆ."

ಅಷ್ಟರಲ್ಲಿ ತೊಟ್ಟಿಗಳನ್ನು ಗಾಡಿಗೆ ಏರಿಸಿ ಆಗಿತ್ತು. ಪೆಟ್ಟಿಗೆ ಬಿಚ್ಚಿದರೆ ಹೊಸ ಹಸು. ಮೈಯೆಲ್ಲ ಹೊಳಪು, ನಾಲ್ಕು ಕಾಲೂ ಸಮ.

೬. ಅದನ್ನೇ ತಂದು ಕಪಾಟಿನಲ್ಲಿ ಇಟ್ಟೆ, ಮುಖ ಗೋಡೆಯ ಕಡೆಗೆ. ಭಾನುವಾರ ಧೂಳು ಒರೆಸುವಾಗ ನನ್ನ ಹೆಂಡತಿ ಅದನ್ನು ಎತ್ತಿದಳು, ಕಾಲು ನೋಡಿದಳು. ನನ್ನ ಮೇಲೆ ಕೂಗಾಡಲಿಲ್ಲ. ಹಿತ್ತಿಲಿಗೆ ನುಗ್ಗಿದ ದನವನ್ನು ಕಂಡವರಂತೆ, "ಇದು ಯಾರ ಮನೇದು?" ಎಂದಳು. ಆ ಹಸುವನ್ನು ಉಳಿದವುಗಳ ಜೊತೆ ಸೇರಿಸದೆ ಕಿಟಕಿಯ ಕಟ್ಟೆಯ ಮೇಲೆ ಬೇರೆ ಇಟ್ಟಳು. ಅದರ ವಾರಸುದಾರರು ಹುಡುಕುತ್ತಿರಬಹುದು, ನಮ್ಮದನ್ನು ಹೊಡೆದುಕೊಂಡು ಬನ್ನಿ ಎಂದಷ್ಟೇ ಹೇಳಿದಳು. ಆಮೇಲಿಂದ ಕಪಾಟಿನಲ್ಲಿ ಹಸುವಿನ ಜಾಗದಲ್ಲಿ ಮಡಚಿದ ಚೀಟಿ ಮಾತ್ರ ಇತ್ತು. ಅದನ್ನು ಅವಳು ತೆಗೆಯಲಿಲ್ಲ. ನಾನೂ ಆ ಕಡೆ ನೋಡಲಿಲ್ಲ.

೭. ಈ ಬಗ್ಗೆ ನಾನು ಕಾರ್ಡು ಬರೆದದ್ದಕ್ಕೆ ತಾವು ಉತ್ತರಿಸಿ, ರಿಪೇರಿ ಪುಸ್ತಕವನ್ನು ಪರಿಶೀಲಿಸಲಾಗಿ ಆರುನೂರ ಹನ್ನೊಂದು ಬೊಂಬೆಗಳು ತಾವಾಗಿಯೇ ಬಿದ್ದಿರುವುದು, ಒಂದೂ ಯಾರ ಕೈಯಿಂದಲೂ ಬೀಳದಿರುವುದು ಕಂಡುಬಂದಿದೆ; ಆದ್ದರಿಂದ ಹಳೆಯ ಬೊಂಬೆಗಳಿಗೆ ನಿಲ್ಲುವ ಶಕ್ತಿಯೇ ಇಲ್ಲವೆಂದು ತೀರ್ಮಾನಿಸಿ, ರಿಪೇರಿ ಮೇಜನ್ನು ರದ್ದು ಮಾಡಿ ಹಳೆಯವನ್ನೆಲ್ಲ ಹಿಂಪಡೆಯಲಾಗುತ್ತಿದೆ ಎಂದಿದ್ದೀರಿ. ಲೆಕ್ಕ ಸರಿಯಾಗಿದೆ. ಆದರೆ,

೮. ಪುಟ ೮೮ರಲ್ಲಿರುವ ಹಸು ತಾನಾಗಿ ಬೀಳಲಿಲ್ಲ. ಹೆಂಡತಿ ತವರಿಗೆ ಹೋಗಿದ್ದಾಗ ಅವಳಷ್ಟು ಚೆನ್ನಾಗಿ ನಾನೂ ಧೂಳು ಒರೆಸಬಲ್ಲೆನೆಂದು ತೋರಿಸಲು ಹೋಗಿ ನಾನೇ ಬೀಳಿಸಿದೆ. ಕಪಾಟಿನ ಬಾಗಿಲು ಬಡಿದು ಬಿತ್ತೆಂದು ಅವಳಿಗೆ ಹೇಳಿದ್ದೆ. ಹಸುವಿಗೆ ನಿಲ್ಲುವ ಶಕ್ತಿ ಇತ್ತು. ಸತ್ಯ ಹೇಳುವ ಶಕ್ತಿ ನನಗಿರಲಿಲ್ಲ. ಕ್ಷೌರದವನ ಕುರಿಗಳದೂ ಮೇಡಂ ಅವರ ಬೇಲಿಯದೂ ಇದೇ ಬಗೆಯ ಕಥೆ. ತಪ್ಪೊಪ್ಪಿಗೆಗಳನ್ನು ಲಗತ್ತಿಸಿದೆ.

೯. ಜಂಟಿ ಸದಸ್ಯತ್ವದ ಅರ್ಜಿಗೆ ಇಬ್ಬರ ಸಹಿಯೂ ಬೇಕೆಂಬ ತಮ್ಮ ನಿಯಮದಂತೆ ಇದನ್ನು ಹೆಂಡತಿಗೆ ಓದಲು ಕೊಡಬೇಕಾಯಿತು. ಎರಡು ದಿನ ಕೊಡದೆ ಮುಂದೂಡಿದೆ. ಮೂರನೆಯ ದಿನ ಕೊಟ್ಟೆ. ಅವಳು ಎಂಟನೆಯ ಅಂಶವನ್ನು ಎರಡು ಸಲ ಓದಿ, ಪೆನ್ನು ತೆಗೆದುಕೊಂಡು, "ಹಾಗಾದ್ರೆ ಬಾತಿನ ಕೊಕ್ಕೂ ಸೇರಿಸಿ. ಅದು ನಾನು" ಎಂದಳು. ಕೊಕ್ಕು ಮುರಿದದ್ದು ಬೆಕ್ಕಿನಿಂದ ಎಂದು ಆಗ ಹೇಳಿದ್ದಳು. ಆ ಬೆಕ್ಕನ್ನು ನಾನು ಚೀಲದಲ್ಲಿ ಹಾಕಿಕೊಂಡು ಹೊಳೆಯಾಚೆ ಬಿಟ್ಟು ಬಂದಿದ್ದೆ. ಆ ಬಗ್ಗೆ ನಮ್ಮಿಬ್ಬರಲ್ಲಿ ಮಾತುಕತೆ ನಡೆಯುತ್ತಿದ್ದು, ಅದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಆದ್ದರಿಂದ, ತಮ್ಮ ಪಟ್ಟಿಯಲ್ಲಿ ನಾವೆಲ್ಲ ಒಪ್ಪಿಕೊಂಡ ಹನ್ನೊಂದನ್ನು ಕಳೆದು, ಆರುನೂರ ಹನ್ನೊಂದರ ಬದಲು ಸದ್ಯಕ್ಕೆ ಆರುನೂರು ಎಂದು ತಿದ್ದಿಕೊಂಡು (ಮೇಡಂ ಅವರ ಪಾಲು ಹೆಚ್ಚು), ತಿಂಗಳು ಮುಗಿಯುವ ಮೊದಲು ತೊಟ್ಟಿಗಳಲ್ಲಿ ನಮ್ಮ ಹಸುವನ್ನು ಹುಡುಕಲು ನಮಗೆ ಅಪ್ಪಣೆ ಕೊಡಬೇಕು. ಮಂಡಿನೋವಿದ್ದರೂ ಹೆಂಡತಿ ಬರುತ್ತಾಳೆ. ಮುಂದಿನ ವರ್ಷ ಮೂಲೆಯಲ್ಲಿ ಒಂದು ಖಾಲಿ ಮೇಜು ಹಾಕಿಸಿದರೆ ಸಾಕು; ಅಂಟು ನಾವೇ ತರುತ್ತೇವೆ. ಪುಸ್ತಕದಲ್ಲಿ ನಿಜ ಬರೆಯುವುದು ಕಡ್ಡಾಯವೆಂದಾದರೆ ಮಾತ್ರ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪುಸ್ತಕ ಇಡಬೇಕು.

ಇಷ್ಟಾದರೂ ತಮ್ಮಲ್ಲಿ ವಿಶ್ವಾಸ ಕಳೆದುಕೊಳ್ಳದ,

(ಸಹಿ) ಗಂಡ
(ಸಹಿ) ಹೆಂಡತಿ, ಬಾತಿನ ಅಂಶ ಸೇರಿದ ಮೇಲೆ

ಲಗತ್ತುಗಳು:
೧. ಸದಸ್ಯತ್ವದ ಚೀಟಿ, ಮೂಲ ಪ್ರತಿ.
೨. ತಪ್ಪೊಪ್ಪಿಗೆಗಳು: ಕ್ಷೌರದವನದು ಅರ್ಧ ಪುಟ, ಮೇಡಂ ಅವರದು ನಾಲ್ಕು ಪುಟ.
೩. ನಾಲ್ಕು ಮಡಿಕೆಯ ಹಾಲಿನ ಚೀಟಿ, ಸಹಿಯಾದ ಮೇಲೆ ಕಪಾಟಿನಿಂದ ತೆಗೆದದ್ದು. ಅನುಮಾನ ಬಂದ ಹಸುವಿನ ಹಿಂದಿನ ಎಡಗಾಲಡಿಗೆ ಇಟ್ಟು ನೋಡುವುದು. ಅಲುಗದೆ ನಿಂತರೆ ನಮ್ಮದು.
೪. ತಾವು ಕೊಟ್ಟ ಹೊಸ ಹಸು, ಒಂದು. ನಮ್ಮಲ್ಲಿದ್ದ ಇಪ್ಪತ್ತಮೂರು ದಿನ ಅದಕ್ಕೆ ಯಾವ ಕೊರತೆಯನ್ನೂ ಮಾಡಿಲ್ಲ. ದಯವಿಟ್ಟು ಇದನ್ನು ನೀಲಿ ತೊಟ್ಟಿಗೆ ಹಾಕಬಾರದು.