ಕಾರಿನ ಮೂಗಿಗೊಂದು ಬಟ್ಟೆ

ಇಂಜಿನ್ನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಗ್ಗದಾಸಪುರದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದಾಗ, ಕೆಟ್ಟು ನಿಂತ ಪಂಪ್‌ಸೆಟ್ಟನ್ನು ಬೈದು, ಒದ್ದು, ಬಿಚ್ಚಿ ಸರಿಮಾಡುತ್ತಿದ್ದವನು ನಾನು. ಪಂಪ್‌ಸೆಟ್ಟಿಗೂ ಕಾರಿಗೂ ಏನು ವ್ಯತ್ಯಾಸ? ಕಾರಿಗೆ ಸೀಟಿದೆ, ಅಷ್ಟೆ!

ಹಾಗಾಗಿ ಹೊಸ ಕಾರು ಮನೆಗೆ ಬಂದ ವಾರವೇ ಅದರಲ್ಲೊಂದು ಲೋಪ ಕಂಡುಹಿಡಿದೆ. ಬಾನೆಟ್ ಎತ್ತಿದರೆ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆಲ್ಲೋ ಫಿಲ್ಟರ್ ಇದೆಯಂತೆ. ಇರಲಿ. ಆದರೆ ಚರಂಡಿ ಕೆಲಸಕ್ಕೆಂದು ನಮ್ಮ ರಸ್ತೆಯನ್ನು ಅಗೆದು ಹಾಕಿದ್ದರು. ಮುಂಬಾಗಿಲು ತೆಗೆದರೆ ಅಡುಗೆಮನೆವರೆಗೂ ಕೆಂಪು ಧೂಳು. ನಲ್ಲಿಯಲ್ಲಿ ಮಣ್ಣುನೀರು ಬಂದರೆ ನಾವೇನು ಮಾಡುತ್ತೇವೆ? ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಹೆಂಡತಿ ಪದ್ಮಳ ಹಳೆಯ ಹಳದಿ ಸೀರೆಯಲ್ಲಿ ಒಂದು ತುಂಡು ಹರಿದು, ಮಡಿಕೆ ಮೇಲೆ ಮಡಿಕೆ ಹಾಕಿ, ಆ ಕೊಳವೆಯ ಬಾಯಿಗೆ ಬಿಗಿಯಾಗಿ ಕಟ್ಟಿದೆ. ಕಾರು ಮಾಡಿದ ಇಂಜಿನಿಯರುಗಳಿಗೆ ಹೊಳೆಯದ್ದು ನನಗೆ ಹೊಳೆದಿತ್ತು!

ಕೆಲವು ತಿಂಗಳಲ್ಲಿ ಕಾರಿಗೆ ಸೋಮಾರಿತನ ಬಂತು. ಆಕ್ಸಿಲರೇಟರ್ ತುಳಿದರೆ ಗೊಣಗುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಗ್ಯಾಸ್ ಸಿಲಿಂಡರ್ ಹೇರಿಕೊಂಡ ಸೈಕಲ್ಲಿನವನೊಬ್ಬ ಬೆಲ್ ಹೊಡೆದು ನನ್ನನ್ನು ಹಿಂದೆ ಹಾಕಿದ. ಹೋಗುವಾಗ ತಿರುಗಿ ನೋಡಿದ ಬೇರೆ!

ಅದೇ ಹೊತ್ತಿಗೆ ಬಾಮೈದ ಮಂಜನ ಮದುವೆ ನಿಶ್ಚಯವಾಯಿತು. ಛತ್ರ ಕೆ.ಆರ್. ಪುರದಲ್ಲಿ. ಗಂಡು ಯಾರ ಕಾರಿನಲ್ಲಿ ಹೋಗಬೇಕು ಎಂಬ ಮಾತು ಬಂದಾಗ ನನ್ನ ಷಡ್ಡಕ, ಅಂದರೆ ಪದ್ಮಳ ಅಕ್ಕನ ಗಂಡ, ಹಲಸೂರಿನ ನಾಗರಾಜಣ್ಣ ಗಂಟಲು ಸರಿಮಾಡಿಕೊಂಡರು.

"ನಿನ್ನ ಗಾಡಿ ಎಳೀತಿಲ್ವಂತೆ ಕಣಪ್ಪಾ. ಅದನ್ನ ಗ್ಯಾರೇಜಿಗೆ ಬಿಡು. ಮಂಜ ನನ್ನ ಕಾರಲ್ಲಿ ಬರ್ಲಿ."

ಷಡ್ಡಕನ ಕಾರಿನಲ್ಲಿ ಗಂಡು! ಅದರ ಹಿಂದೆ ಬಾಳೆಹಣ್ಣಿನ ಬುಟ್ಟಿ ಹೊತ್ತುಕೊಂಡು ನಾನು! ಬೀಗರ ಎದುರು ನನ್ನ ಮಾನ ಏನಾಗಬೇಕು?

"ಗಂಡು ನನ್ನ ಕಾರಲ್ಲೇ ಬರ್ತಾನೆ ನಾಗರಾಜಣ್ಣ. ಗ್ಯಾರೇಜಿಗೂ ಬಿಡಲ್ಲ. ನಾನೇ ಸರಿಮಾಡ್ತೀನಿ," ಎಂದು ನೆಂಟರಿಷ್ಟರ ಸಮಕ್ಷಮದಲ್ಲಿ ಘೋಷಿಸಿದೆ. ಪದ್ಮ ಹಣೆ ಚಚ್ಚಿಕೊಂಡಳು.

ಮೊದಲ ಅನುಮಾನ ಪೆಟ್ರೋಲಿನ ಮೇಲೆ. ಬಂಕ್ ಬದಲಾಯಿಸಿದೆ. ಕಾರು ಬದಲಾಗಲಿಲ್ಲ. ಎರಡನೆಯ ಅನುಮಾನ ಪ್ಲಗ್ಗಿನ ಮೇಲೆ. ಶಿವಾಜಿನಗರಕ್ಕೆ ಹೋಗಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನನ್ನ ಮುಖ ನೋಡಿದ.

"ಅರೇ ಸಾಬ್, ಇದು ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಮೊದ್ಲು ಕಂಪ್ಯೂಟರ್ ಹಾಕಿ ಚೆಕ್ ಮಾಡ್ಸಿ."

"ಕಂಪ್ಯೂಟರ್‌ಗೆ ಏನ್ರೀ ಗೊತ್ತು? ಅದು ಯಾವತ್ತಾದ್ರೂ ನಮ್ಮ ಕಗ್ಗದಾಸಪುರದ ರೋಡಲ್ಲಿ ಓಡಾಡಿದ್ಯಾ?"

ಅವನು ಪ್ಲಗ್ ತೆಗೆದುಕೊಟ್ಟ. ನಾನೇ ಹಾಕಿದೆ. ಕಾರು ಈಗ ಹೊಸ ಪ್ಲಗ್ಗಿನೊಂದಿಗೆ ನಿಧಾನವಾಗಿ ಹೋಗತೊಡಗಿತು.

ಕೊನೆಗೆ ಏರ್ ಫಿಲ್ಟರ್ ಬಿಚ್ಚಿದೆ. ಏನೆಂದು ಹೇಳಲಿ! ಅಚ್ಚ ಬಿಳುಪು, ಹೆಸರಿಗೂ ಒಂದು ಕಣ ಧೂಳಿಲ್ಲ. ನನ್ನ ಬಟ್ಟೆಯ ಮಹಿಮೆ! ಹೆಮ್ಮೆ ತಡೆಯಲಾರದೆ ಫಿಲ್ಟರನ್ನು ಅಡುಗೆಮನೆಗೇ ಒಯ್ದೆ.

"ನೋಡು ಪದ್ಮಾ, ಎಲ್ಲರ ಕಾರಲ್ಲೂ ಇದು ಕರ್ರಗಾಗಿರುತ್ತೆ. ನಿನ್ನ ಭಾವ ನಾಗರಾಜಣ್ಣಂದೂ ಅಷ್ಟೆ."

"ಭಾವಂದು ಕರ್ರಗಿದ್ರೂ ಓಡುತ್ತಲ್ಲ ರೀ?"

ಹೆಂಗಸರಿಗೆ ತಾಂತ್ರಿಕ ವಿಷಯ ವಿವರಿಸುವುದು ಕಷ್ಟ. ಹೊರಗೆ ಬಂದು, ಫಿಲ್ಟರ್ ಹಾಕಿ, ಬಟ್ಟೆಗೆ ಇನ್ನೊಂದು ಗಂಟು ಬಿಗಿದೆ. ತೊಂದರೆ ಖಂಡಿತ ತೂಕದ್ದೇ ಎಂದು ತೀರ್ಮಾನಿಸಿ ಸ್ಟೆಪ್ನಿ, ಜ್ಯಾಕು, ಕಾಲಿನ ಮ್ಯಾಟು ಎಲ್ಲ ತೆಗೆದು ಮನೆಯಲ್ಲಿಟ್ಟೆ. ಮದುವೆಯ ಬೆಳಿಗ್ಗೆ ಪದ್ಮಳಿಗೂ ಮೆಲ್ಲಗೆ ಹೇಳಿ ನೋಡಿದೆ.

"ನೀನು ನೆಂಟರ ವ್ಯಾನಲ್ಲಿ ಬಂದ್ಬಿಡು."

"ಗಂಡಿನ ಅಕ್ಕ ನಾನು. ತೂಕ ಜಾಸ್ತಿ ಆದ್ರೆ ನೀವಿಳೀರಿ!"

ಸೇವಂತಿಗೆ, ಗುಲಾಬಿ ಹೊದ್ದುಕೊಂಡ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿದ ಮಂಜ, ಪಕ್ಕದಲ್ಲಿ ಪದ್ಮ. ಹಿಂದೆ ನಾಗರಾಜಣ್ಣನ ಕಾರು. ಟಿನ್ ಫ್ಯಾಕ್ಟರಿವರೆಗೆ ಹೇಗೋ ಮರ್ಯಾದೆ ಉಳಿಯಿತು. ಆಮೇಲೆ ಬಂತು ಕೆ.ಆರ್. ಪುರದ ತೂಗುಸೇತುವೆಯ ಏರು. ಮೂರನೇ ಗೇರಿನಿಂದ ಎರಡಕ್ಕಿಳಿಸಿದೆ, ಎರಡರಿಂದ ಒಂದಕ್ಕೆ. ಅದರ ಕೆಳಗೆ ಗೇರಿಲ್ಲ! ಕಾರು ನಿಂತೇಬಿಟ್ಟಿತು. ಹಿಂದೆ ಹಾರ್ನುಗಳ ಮೇಳ. ನೀರಿನ ಟ್ಯಾಂಕರೊಂದು ನಮ್ಮ ಮೇಲೆಲ್ಲ ನೀರು ಚೆಲ್ಲಿಕೊಂಡು ಮುಂದೆ ಹೋಯಿತು.

ನಾಗರಾಜಣ್ಣ ಪಕ್ಕಕ್ಕೆ ಬಂದು ಗಾಜು ಇಳಿಸಿದರು. "ಮಂಜಾ, ಮುಹೂರ್ತ ಮೀರುತ್ತೆ. ಬಾರಪ್ಪ ಈ ಕಡೆ."

"ಭಾವಾ, ಬೇಜಾರ್ ಮಾಡ್ಕೋಬೇಡಿ," ಎಂದ ಮಂಜ, ನನ್ನ ಮುಖ ನೋಡದೆ, ಪಂಚೆ ಎತ್ತಿ ಹಿಡಿದು ಸೇತುವೆಯ ಮೇಲೆ ಓಡಿ ಆ ಕಾರು ಹತ್ತಿಬಿಟ್ಟ. ನಾನು ರೇಷ್ಮೆ ಪಂಚೆಯಲ್ಲೇ ಇಳಿದು, ಹೂವು ಹರಿದು, ಬಾನೆಟ್ ಎತ್ತಿದೆ. ಪದ್ಮಳೂ ಇಳಿದು ಬಂದು ಇಣುಕಿದಳು.

"ರೀ... ಇದು ನನ್ನ ಹಳದಿ ಸೀರೆ ಅಲ್ವಾ?"

ಅದು ಹಳದಿಯಾಗಿ ಉಳಿದಿರಲಿಲ್ಲ, ಬಟ್ಟೆಯಾಗಿಯೂ ಉಳಿದಿರಲಿಲ್ಲ. ಕೆಮ್ಮಣ್ಣು ಮೆತ್ತಿ ಗೋಡೆಯಾಗಿತ್ತು.

"ಧೂಳು ಹೋಗದೆ ಇರ್ಲಿ ಅಂತ ನಾನೇ ಕಟ್ಟಿದ್ದು," ಎಂದೆ, ತಲೆಯೆತ್ತಿಯೇ.

"ನಲ್ಲಿ ಬಟ್ಟೇನ ನಾನು ವಾರವಾರ ಬಿಚ್ಚಿ ಒಗೀತೀನಿ. ಇಲ್ಲಾಂದ್ರೆ ನೀರೇ ಬರಲ್ಲ. ಇದನ್ನ ಒಂದು ದಿನಾನಾದ್ರೂ ಒಗೆದಿದ್ದೀರಾ?"

ಉತ್ತರಕ್ಕೆ ಕಾಯದೆ ಅವಳು ಗಂಟು ಕಿತ್ತು ಬಟ್ಟೆ ಎಳೆದಳು.

ಕಾರು ಹಾರಿತು! ಸೇತುವೆ ದಾಟಿ, ಟ್ಯಾಂಕರ್ ದಾಟಿ, ಸಂತೆ ಬೀದಿಯಲ್ಲಿ ಸಿಕ್ಕಿಕೊಂಡಿದ್ದ ನಾಗರಾಜಣ್ಣನ ಕಾರನ್ನೂ ಹಾರ್ನ್ ಹೊಡೆದು ದಾಟಿದೆ. ಒಳಗಿಂದ ಮಂಜ ಕೈ ಬೀಸಿದ. "ನಿಲ್ಸಿ ರೀ, ಅವನನ್ನ ಹತ್ತಿಸ್ಕೊಳ್ಳೋಣ!" ಎಂದು ಪದ್ಮ ಕೂಗಿದಳು. ಗೆಲ್ಲುವ ಹೊತ್ತಿನಲ್ಲಿ ಯಾರಾದರೂ ನಿಲ್ಲಿಸುತ್ತಾರೆಯೇ?

ಹೂವಿನ ಕಾರು ಕಂಡದ್ದೇ ತಡ, ಛತ್ರದ ಮುಂದೆ ವಾಲಗ ಮೊಳಗಿತು. ಬೀಗಿತ್ತಿಯರು ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಬಾಗಿಲು ತೆರೆಯಿತು. ಗ್ರೀಸು ಮೆತ್ತಿದ ಕೈ, ಮಣ್ಣಾದ ಪಂಚೆ, ಬೆವರಿಳಿಯುವ ಬೋಳುತಲೆ. ಇಳಿದವನು ನಾನು! ವಾಲಗ ಅರ್ಧಕ್ಕೇ ನಿಂತಿತು.

ಹೆಣ್ಣಿನ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಫೋಟೋದಲ್ಲಿ ಕೂದ್ಲಿತ್ತಲ್ಲೇ?" ಎಂದರು.

ಈಗಲೂ ಎದೆ ತಟ್ಟಿ ಹೇಳುತ್ತೇನೆ: ಬಟ್ಟೆ ಕಟ್ಟಿದ್ದು ತಪ್ಪಲ್ಲ. ಒಗೆಯದಿದ್ದದ್ದಷ್ಟೇ ತಪ್ಪು. ಈ ಸಿದ್ಧಾಂತವನ್ನು ಪದ್ಮ ಮನಸಾರೆ ಒಪ್ಪಿದ್ದಾಳೆ. ಕಾರಿಗೆ ಬಟ್ಟೆ ಕಟ್ಟಲು ಬಿಡುವುದಿಲ್ಲ, ಆದರೆ ಮನೆಯ ನಲ್ಲಿ ಬಟ್ಟೆಗಳನ್ನೆಲ್ಲ ಒಗೆಯುವ ಕೆಲಸ ನನಗೇ ವಹಿಸಿದ್ದಾಳೆ. ವಾರವಾರ ಬಿಚ್ಚಿ, ಒಗೆದು, ಹಿಂಡಿ, ಒಣಹಾಕುತ್ತೇನೆ. ನಾಗರಾಜಣ್ಣ ಬಂದಾಗ ಏನು ಮಾಡುತ್ತಿದ್ದೀಯಪ್ಪಾ ಎಂದು ಕೇಳಿದರೆ, ಫಿಲ್ಟರ್ ಸರ್ವಿಸ್ ಎನ್ನುತ್ತೇನೆ.